ತೊಟ್ಟಿಲದ ಹಸಿರು ಬಣ್ಣದ ಬಗ್ಗೆ, ದೊಡ್ಡವ್ವ ಬರೆಯೋದು

ಪುಟ್ಟಿ,

ನಿನ್ನ ಪತ್ರದಾಗ ಉಳಿದದ್ದೆಲ್ಲಾ ಓದಿ ಸಂತೋಷ ಆತು, ಆದ್ರ ಕಡೀಗೆ ಒಂದು ಸಾಲು ಬರದೀಯಲ್ಲ, "ನಾ ಸಣ್ಣಾಕಿದ್ದಾಗ ತೊಟ್ಟಿಲದ ಬಣ್ಣ ಕಚ್ಚಿ ತಿಂತಿದ್ನಂತ, ಅದು ಈಗ ನನ್ನ ಕೂಸಿಗೆ ಹೋಗ್ತದೇನು ದೊಡ್ಡವ್ವಾ" ಅಂತ, ಅದನ್ನ ಓದಿದಾಗಿಂದ ನನಗ ನಿದ್ದಿ ಹತ್ತವಲ್ದು.

ಆ ಕಲಘಟಗಿ ತೊಟ್ಟಿಲದಾಗ ಯಾರ್ಯಾರು ಮಲಗ್ಯಾರ ಅನ್ನೋದು ನಿನಗ ಗೊತ್ತದ. ನಿಮ್ಮವ್ವ ನಿನಗ ಹೇಳಲಾರದ್ದು ಒಂದದ. ಅದಕ್ಕ ಎಣ್ಣಿ ಬಣ್ಣ ಹೊಡಿಸಿದಾಕಿ ನಾನ. 1993ರಾಗ, ನಿನ್ನ ಹೆಸರಿಡೋದಕ್ಕ ನಾಕು ದಿನ ಮೊದಲು. ಸಾಗವಾನಿ ಹಲಿಗಿ ಮ್ಯಾಲೆ ಅರಗಿನ ಬಣ್ಣದ ಬಾಲಕೃಷ್ಣ ಇದ್ದ, ಬೆಣ್ಣಿ ಗಡಿಗಿಯೊಳಗ ಕೈ ಹಾಕ್ಕೊಂಡು, ಹೊಗಿ ಹತ್ತಿ ಮಾರಿ ಕಪ್ಪಾಗಿತ್ತು, ಒದ್ದಿ ಅರಿವಿಲೆ ಒರಸಿದ್ರ ಸಾಕಿತ್ತು, ನಾನು ಪ್ಯಾಟ್ಯಾಗಿಂದ ಹಸಿರು ಡಬ್ಬಿ ತರಿಸಿ ಎರಡು ಕೋಟ್ ಹೊಡಿಸಿಬಿಟ್ಟೆ. ಅಜ್ಜಿ ಬಂದು ನೋಡಿ "ಕೃಷ್ಣ ಎಲ್ಲಿ ಹೋದ?" ಅಂತ ಅಷ್ಟ ಕೇಳಿದ್ಲು. ಆ ದಿನ ಆಕಿ ಊಟ ಮಾಡ್ಲಿಲ್ಲ.

ಎಂಟು ತಿಂಗಳಕ್ಕ ನೀನು ಹಲಿಗಿ ಹಿಡದು ನಿಂತು ಅಂಚು ಕಡೀತಿದ್ದಿ, ತುಟಿಗೆ ಹಸಿರು ಚಕ್ಕಿ ಹತ್ತಿರ್ತಿತ್ತು, ನಾ ಸೆರಗಿಲೆ ಒರಸಿ ನಗ್ತಿದ್ದೆ. ನಿನ್ನೆ ನಿಮ್ಮವ್ವನ ಮನಿಗೆ ಹೋಗಿ ನೋಡ್ದೆ. ಆ ಹಲ್ಲಿನ ಗುರುತು ಈಗೂ ಅವ, ಒಳಗ ಹಳೇ ಹಳದಿ ಬಣ್ಣ ಕಾಣ್ತದ.

ನಿನ್ನ ಅಂಜಿಕಿ ಸುಳ್ಳಲ್ಲ ಮಗಳ. ಆಗಿನ ಡಬ್ಬಿ ಬಣ್ಣದಾಗ ಸೀಸ ಹಾಕತಿದ್ರು, ಸರಕಾರ 90 ಪಿಪಿಎಂ, ಅಂದ್ರ ಹತ್ತು ಲಕ್ಷ ಭಾಗದಾಗ 90 ಭಾಗ, ಮೀರಬಾರದು ಅಂತ ನಿಯಮ ಮಾಡಿದ್ದು 2016ರಾಗ, ಜಾರಿ ಆಗಿದ್ದು 2017ರ ನವೆಂಬರ್‌ನಾಗ, ನಮ್ಮ ಡಬ್ಬಿ ಅದಕ್ಕ 24 ವರ್ಷ ಮೊದಲಿಂದು. ಸೀಸ ಎಲುಬಿನ್ಯಾಗ ಕೂಡ್ತದಂತ, ಬಸುರಿದ್ದಾಗ ಅಲ್ಲಿಂದ ರಕ್ತಕ್ಕ ಬರಬಹುದಂತ. ಆದ್ರ ನಿನ್ನ ಮೈಯಾಗ ಸೀಸ ಅದನೋ ಇಲ್ಲೋ ಅನ್ನೋದು ನನಗ ನಿನಗ ಕುಂತು ಲೆಕ್ಕ ಹಾಕಿದ್ರ ತಿಳಿಯೂದಲ್ಲ, ಅದಕ್ಕ ಡಾಕ್ಟ್ರ ಮುಂದ ಇದ್ದದ್ದು ಇದ್ದಂಗ ಹೇಳು, ರಕ್ತದಾಗ ಸೀಸ ನೋಡೋ ಟೆಸ್ಟ್ ಅದ, ಬರಕೊಡ್ರಿ ಅಂತ ಕೇಳು. ನಾಚಿಕೋಬ್ಯಾಡ. ಇಂಥದ್ದು ಹೇಳೋ ಯೋಗ್ಯತಿ ನನಗ ಎಲ್ಲಿಂದ ಬರಬೇಕು, ಹಚ್ಚಿಸಿದಾಕಿ ನಾನ. ಹಾಲು ಮಸರು ಬಿಡಬ್ಯಾಡ, ಸುಣ್ಣದಂಶ ಕಮ್ಮಿ ಆದ್ರ ಎಲುಬು ಕರಗ್ತದ.

ಮತ್ತ ನಿಮ್ಮಪ್ಪ ಸ್ಯಾಂಡ್‌ಪೇಪರ್ ತಂದಿಟ್ಟಿದ್ದ, ನಾ ಕಸಕೊಂಡು ಬಂದೀನಿ. ತಿಕ್ಕಿದ ಧೂಳೇ ದೊಡ್ಡ ವಿಷ, ನೀ ಬಾಣಂತನಕ್ಕ ಬರೋ ಮನ್ಯಾಗ ಅದು ಏಳೋದ ಬ್ಯಾಡ. ತೊಟ್ಟಿಲಾ ಹಾಳಿ ಸುತ್ತಿ ಅಟ್ಟಕ್ಕ ಇಡ್ರಿ ಅಂದೀನಿ. ಕೃಷ್ಣ ಹಸಿರಿನ ಒಳಗ ಇರಲಿ, ನನ್ನ ಮ್ಯಾಲೆ ಸಿಟ್ಟಿದ್ರೂ ಇರಲಿ.

ಕೂಸಿಗೆ ನನ್ನ ಹಳೇ ಹತ್ತಿ ಇಳಕಲ್ ಸೀರಿ ಒಗದು ಇಟ್ಟೀನಿ, ಹೆಸರಿಡೋ ದಿನ ಜೋಳಿಗಿ ಕಟ್ಟೋಣು. ರಿಪೋರ್ಟ್ ಬಂದ ಕೂಡ್ಲೆ, ಏನ ಇರಲಿ, ರಾತ್ರಿ ಎಷ್ಟೊತ್ತಾದ್ರೂ ಫೋನ್ ಹಚ್ಚು. ಎಚ್ಚರ ಇರ್ತೀನಿ.

ನಿನ್ನ ದೊಡ್ಡವ್ವ