ಪಾಸ್‌ವರ್ಡ್ ಮ್ಯಾನೇಜರ್: ಫೋನ್ ಕಳೆದುಹೋಗುವ ದಿನವನ್ನು ನೆನೆದು ಆರಿಸಿ

ಮಾನ್ಯ ಸಂಪಾದಕರೇ,

ಸೈಬರ್ ವಂಚನೆಯ ಸುದ್ದಿಗಳ ಜೊತೆಗೆ ಅಚ್ಚಾಗುವ ಎಚ್ಚರಿಕೆಯ ಪಟ್ಟಿಗಳಲ್ಲಿ ಈಚೀಚೆಗೆ ‘ಪಾಸ್‌ವರ್ಡ್ ಮ್ಯಾನೇಜರ್ ಬಳಸಿ’ ಎಂಬ ಸಾಲೂ ಸೇರಿಕೊಂಡಿದೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ‘ವಾಲ್ಟ್’ ಎಂಬ ಒಂದೇ ಪೆಟ್ಟಿಗೆಯಲ್ಲಿಟ್ಟು, ‘ಮಾಸ್ಟರ್ ಪಾಸ್‌ವರ್ಡ್’ ಎಂಬ ಒಂದೇ ಕೀಲಿಯಿಂದ ತೆರೆಯುವ ಆ್ಯಪ್ ಅದು. ಒಳ್ಳೆಯದೇ. ಆದರೆ ಯಾವುದನ್ನು, ಹೇಗೆ ಎಂಬುದು ಅಲ್ಲಿ ಇರುವುದಿಲ್ಲ. ತಂದೆಯ ಕೈಯಲ್ಲಿ ಆಂಡ್ರಾಯ್ಡ್ ಫೋನ್, ಮೇಜಿನ ಮೇಲೆ ವಿಂಡೋಸ್ ಲ್ಯಾಪ್‌ಟಾಪ್, ಮಗಳ ಹತ್ತಿರ ಐಫೋನ್ ಇರುವ ಮನೆಯಲ್ಲಿ ತಪ್ಪು ಆಯ್ಕೆಯ ಬಿಸಿ ತಟ್ಟುವುದು ಫೋನ್ ಕಳೆದುಹೋದ ದಿನ. ಆ ದಿನವನ್ನು ಮುಂದಿಟ್ಟುಕೊಂಡು ಕೆಲವು ವಿವರ ಬರೆಯುತ್ತಿದ್ದೇನೆ.

ಫೋನ್ ಜೊತೆಗೇ ಬರುವ ಸೌಲಭ್ಯವೇ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಮನೆಯವರೆಲ್ಲ ಒಂದೇ ಕಂಪನಿಯ ನೆರಳಿನಲ್ಲಿದ್ದರೆ ಸಾಕು. ಗೂಗಲ್‌ನದು ಆಂಡ್ರಾಯ್ಡ್‌ನಲ್ಲಿ ಮತ್ತು ಎಲ್ಲ ಕಂಪ್ಯೂಟರ್‌ಗಳ ಕ್ರೋಮ್‌ನಲ್ಲಿ ನಡೆಯುತ್ತದೆ. ಐಫೋನ್‌ನಲ್ಲಿ ಕ್ರೋಮ್ ಹಾಕಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಪಾಸ್‌ವರ್ಡ್ ತುಂಬುವ ಆ್ಯಪ್ ಎಂದು ಆರಿಸಬೇಕು. ಆಪಲ್ 2024ರಲ್ಲಿ ಐಒಎಸ್ 18ರೊಂದಿಗೆ ಪಾಸ್‌ವರ್ಡ್ಸ್ ಎಂಬ ಪ್ರತ್ಯೇಕ ಆ್ಯಪ್ ಕೊಟ್ಟಿತು. ವಿಂಡೋಸ್‌ನಲ್ಲಿ ಐಕ್ಲೌಡ್ ಮೂಲಕ ಅದನ್ನು ಬಳಸಬಹುದು, ಆಂಡ್ರಾಯ್ಡ್‌ಗೆ ಅದು ಇಲ್ಲ. ಕಂಪನಿ ಮನಸ್ಸು ಬದಲಿಸಿದರೆ ನಾವು ಗಂಟುಮೂಟೆ ಕಟ್ಟಬೇಕು ಎಂಬುದೂ ನೆನಪಿರಲಿ. ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಪಾಸ್‌ವರ್ಡ್ ಇಟ್ಟಿದ್ದವರಿಗೆ 2025ರಲ್ಲಿ ಆದದ್ದು ಅದೇ: ಜುಲೈನಲ್ಲಿ ಆಟೋಫಿಲ್ (ಪಾಸ್‌ವರ್ಡ್ ತಾನಾಗಿ ತುಂಬುವುದು) ನಿಂತಿತು, ಆಗಸ್ಟ್‌ನಿಂದ ಪಾಸ್‌ವರ್ಡ್‌ಗಳು ಆ ಆ್ಯಪ್‌ನಲ್ಲಿ ಸಿಗದಾದವು, ಎಡ್ಜ್ ಬ್ರೌಸರ್‌ಗೆ ಹೋಗಿ ಎಂದರು.

ಬಗೆಬಗೆಯ ಸಾಧನಗಳಿರುವ ಮನೆಗೆ ಯಾವ ಕಂಪನಿಯ ಫೋನ್‌ಗೂ ಅಂಟಿಕೊಳ್ಳದ ಮ್ಯಾನೇಜರ್ ವಾಸಿ. ಬಿಟ್‌ವಾರ್ಡನ್ ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ, ಎಷ್ಟು ಸಾಧನಗಳಲ್ಲಿ ಬೇಕಾದರೂ ಇಡಲು ಬಿಡುತ್ತದೆ. ಅದರ ಸಾಫ್ಟ್‌ವೇರ್ ಮುಕ್ತ ತಂತ್ರಾಂಶ. ಪ್ರೋಟಾನ್ ಪಾಸ್ ಕೂಡ ಉಚಿತ ಖಾತೆಯಲ್ಲಿ ಸಾಧನಗಳ ಲೆಕ್ಕ ಇಡುವುದಿಲ್ಲ. ವನ್‌ಪಾಸ್‌ವರ್ಡ್‌ಗೆ ಉಚಿತ ಖಾತೆ ಇಲ್ಲ, ಆದರೆ ಮನೆಮಂದಿಗೆಲ್ಲ ಹೇಳಿಕೊಟ್ಟು ನಡೆಸಲು ಸುಲಭ. ‘ಉಚಿತ’ ಎಂಬ ಮಾತನ್ನು ಸಾಧನಗಳ ಲೆಕ್ಕದಲ್ಲಿ ಓದಬೇಕು. ಲಾಸ್ಟ್‌ಪಾಸ್ 2021ರ ಮಾರ್ಚ್‌ನಲ್ಲಿ ಉಚಿತ ಬಳಕೆದಾರರಿಗೆ ಫೋನ್ ಅಥವಾ ಕಂಪ್ಯೂಟರ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಿತು.

ಅದೇ ಲಾಸ್ಟ್‌ಪಾಸ್‌ನಿಂದ 2022ರಲ್ಲಿ ಗ್ರಾಹಕರ ವಾಲ್ಟ್‌ಗಳ ಬ್ಯಾಕಪ್ ಪ್ರತಿಗಳೇ ಕಳುವಾದವು. ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ನಿಜ; ಆದರೆ ಯಾವ ಯಾವ ಜಾಲತಾಣಗಳಲ್ಲಿ ಖಾತೆ ಇದೆ ಎಂಬ ವಿಳಾಸಗಳು ಬಿಚ್ಚಿಟ್ಟಂತೆಯೇ ಇದ್ದವು. ಇನ್ನೊಂದು ಕೊರತೆ ಹೆಚ್ಚು ಜನರ ಕಣ್ಣಿಗೆ ಬಿದ್ದಿರಲಿಲ್ಲ. ಮಾಸ್ಟರ್ ಪಾಸ್‌ವರ್ಡ್‌ನಿಂದ ಕೀಲಿ ತಯಾರಿಸುವಾಗ ಒಂದೇ ಲೆಕ್ಕವನ್ನು ಸಾವಿರಾರು ಸಲ ತಿರುಗಿಸುತ್ತಾರೆ, ಕಳ್ಳ ಒಂದೊಂದು ಊಹೆಗೂ ಅಷ್ಟು ಹೊತ್ತು ಕಳೆಯಲಿ ಎಂದು. ಆಗ ಹೊಸ ಖಾತೆಗಳಲ್ಲಿ ಅದು ಒಂದು ಲಕ್ಷದ ಆಸುಪಾಸಿನಲ್ಲಿದ್ದರೆ ಹಲವು ಹಳೆಯ ಖಾತೆಗಳಲ್ಲಿ 5,000ದಲ್ಲೇ ನಿಂತಿತ್ತು. ಬಿಟ್‌ವಾರ್ಡನ್ 2023ರಿಂದ ಹೊಸ ಖಾತೆಗಳಿಗೆ ಇದನ್ನು 6,00,000ಕ್ಕೆ ಏರಿಸಿದೆ. ಅದಕ್ಕೂ ಮುಂಚೆ ಖಾತೆ ತೆರೆದವರು ಕಂಪ್ಯೂಟರ್‌ನಲ್ಲಿ ವೆಬ್ ವಾಲ್ಟ್ ತೆರೆದು, ಸೆಟ್ಟಿಂಗ್ಸ್‌ನ ಭದ್ರತೆ ವಿಭಾಗದಲ್ಲಿ ‘ಕೀಸ್’ ಎಂಬಲ್ಲಿ ಒಮ್ಮೆ ನೋಡಿಕೊಳ್ಳಲಿ. ಬದಲಿಸುವ ಮುನ್ನ ಒಂದು ಬ್ಯಾಕಪ್ ತೆಗೆಯಿರಿ. ಬದಲಿಸಿದ ಮೇಲೆ ಎಲ್ಲ ಸಾಧನಗಳಲ್ಲೂ ಮತ್ತೆ ಲಾಗಿನ್ ಆಗಬೇಕಾಗಬಹುದು. ಅಲ್ಲೇ ಕೀಲಿ ತಯಾರಿಸಲು, ಹೆಚ್ಚು ಮೆಮೊರಿ ಬೇಡುವ ಆರ್ಗಾನ್2 ಎಂಬ ಇನ್ನೊಂದು ವಿಧಾನವೂ ಇದೆ. ಉತ್ಸಾಹದಲ್ಲಿ ಅದರ ಮೆಮೊರಿಯನ್ನು 64 ಎಂಬಿಗಿಂತ ಏರಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ತೆರೆದದ್ದು ಐಫೋನ್‌ನಲ್ಲಿ ಆಟೋಫಿಲ್ ಹೊತ್ತಿಗೆ ಕೈಕೊಡಬಹುದು, ಏಕೆಂದರೆ ಐಫೋನ್ ಆ ಕೆಲಸಕ್ಕೆ ಕೊಡುವ ಮೆಮೊರಿಯೇ ಕಡಿಮೆ.

ಯಾರ ಸರ್ವರ್ ಮೇಲೂ ನಂಬಿಕೆ ಇಲ್ಲದವರಿಗೆ, ವಾಲ್ಟನ್ನು ಒಂದು ಫೈಲ್ ಆಗಿ ನಮ್ಮ ಬಳಿಯೇ ಇಡುವ ಕೀಪಾಸ್ ಕುಟುಂಬ ಇದೆ: ಕಂಪ್ಯೂಟರ್‌ಗೆ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್‌ಗೆ ಕೀಪಾಸ್‌ಡಿಎಕ್ಸ್, ಐಫೋನ್‌ಗೆ ಕೀಪಾಸಿಯಂ ಅಥವಾ ಸ್ಟ್ರಾಂಗ್‌ಬಾಕ್ಸ್. ಎಲ್ಲವೂ ಒಂದೇ ಬಗೆಯ ಫೈಲ್ ಓದುತ್ತವೆ. ಆದರೆ ಸಿಂಕ್ ಮಾಡುವ, ಅಂದರೆ ಎಲ್ಲ ಸಾಧನಗಳಲ್ಲೂ ಆ ಫೈಲ್ ಒಂದೇ ಆಗಿರುವಂತೆ ನೋಡಿಕೊಳ್ಳುವ ಹೊಣೆ ನಿಮ್ಮದೇ. ಫೋನ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಒಂದೇ ಹೊತ್ತಿನಲ್ಲಿ ತಿದ್ದಿದರೆ ಎರಡು ಫೈಲ್ ಆಗುತ್ತವೆ, ಒಂದರಲ್ಲಿ ಹೊಸ ಪಾಸ್‌ವರ್ಡ್, ಇನ್ನೊಂದರಲ್ಲಿ ಹಳೆಯದು. ಆಗ ಗಾಬರಿಯಿಂದ ಒಂದನ್ನು ಅಳಿಸಬೇಡಿ. ಕೀಪಾಸ್‌ಎಕ್ಸ್‌ಸಿಯ ಡೇಟಾಬೇಸ್ ಮೆನುವಿನಲ್ಲಿ ‘ಮರ್ಜ್’ ಇದೆ, ಅದು ಎರಡನ್ನೂ ಬೆಸೆಯುತ್ತದೆ. ಈ ಕೆಲಸದಲ್ಲಿ ಆಸಕ್ತಿ ಇಲ್ಲದವರ ಮನೆಗೆ ಕೀಪಾಸ್ ಹೇರಬಾರದು ಎಂಬುದು ನನ್ನ ಅಭಿಪ್ರಾಯ.

ಮಾಸ್ಟರ್ ಪಾಸ್‌ವರ್ಡ್ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಎಚ್ಚರಿಕೆ. ಅದನ್ನು ಕನ್ನಡ ಅಕ್ಷರಗಳಲ್ಲಿ ಹಾಕುವ ಆಸೆ ಸಹಜ, ಆದರೆ ಬೇಡ. ‘ಕೊ’ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಅರ್ಕಾವೊತ್ತು ಬಾರದಂತೆ ಬರೆಯುವ ಕಡೆ ಕೆಲವು ಕೀಲಿಮಣೆಗಳು ಕಾಣದ ಜೋಡಕವೊಂದನ್ನು ನಡುವೆ ಸೇರಿಸುತ್ತವೆ. ಫೋನ್ ಮತ್ತು ಲ್ಯಾಪ್‌ಟಾಪ್‌ನ ಕೀಲಿಮಣೆಗಳು ಬೇರೆ ಬೇರೆಯಾದರೆ, ಸರಿಯಾಗಿಯೇ ಒತ್ತಿದರೂ ‘ಪಾಸ್‌ವರ್ಡ್ ತಪ್ಪು’ ಎಂದು ಬರಬಹುದು. ಆದ್ದರಿಂದ ಕನ್ನಡ ಪದಗಳನ್ನೇ ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ, ಒಂದೇ ಕಾಗುಣಿತಕ್ಕೆ ಅಂಟಿಕೊಂಡು ಬರೆಯಿರಿ. ಪದಗಳನ್ನು ಮನಸ್ಸಿನಿಂದ ಹೆಕ್ಕಬಾರದು. ಗಾದೆ, ವಚನದ ಸಾಲು, ಮನೆದೇವರ ಹೆಸರು ಎಲ್ಲವೂ ಊಹೆಗೆ ಸಿಗುವಂಥವು. ನಿಘಂಟಿನ ಪುಟಸಂಖ್ಯೆಗಳನ್ನು ದಾಳ ಹಾಕಿಯೋ ಚೀಟಿ ಎತ್ತಿಯೋ ಆರಿಸಿ, ಆ ಪುಟಗಳ ಮೊದಲ ಪದಗಳನ್ನು ತೆಗೆದುಕೊಳ್ಳಿ. ಆರು ಪದ ಇರಲಿ. ಇಂಗ್ಲಿಷ್ ಪದಗಳಾದರೂ ಆದೀತು ಎನ್ನುವವರಿಗೆ ಬಿಟ್‌ವಾರ್ಡನ್‌ನಲ್ಲೇ ಪದಗಳ ಪಾಸ್‌ಫ್ರೇಸ್ ಹುಟ್ಟಿಸುವ ಸಲಕರಣೆ ಇದೆ. 7,776 ಪದಗಳ ಪಟ್ಟಿಯಿಂದ ಐದು ಪದ ತೆಗೆದರೆ ಸಾಧ್ಯತೆಗಳ ಸಂಖ್ಯೆ 28ರ ಮುಂದೆ ಹದಿನೆಂಟು ಸೊನ್ನೆ.

ಇಷ್ಟು ಮಾಡಿದವರೂ ಎಡವುವ ಜಾಗ ಬೇರೆಯೇ ಇದೆ, ಮತ್ತು ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಜಿಮೇಲ್‌ನ ಪಾಸ್‌ವರ್ಡ್ ವಾಲ್ಟ್‌ನಲ್ಲಿರುತ್ತದೆ. ವಾಲ್ಟ್ ತೆರೆಯಲು ಬೇಕಾದ ಕೋಡ್ ಜಿಮೇಲ್‌ಗೆ ಬರುತ್ತದೆ. ಎರಡೂ ಕಳೆದುಹೋದ ಫೋನ್‌ನಲ್ಲಿದ್ದವು. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಎಳೆದಂತೆ. ಬಿಟ್‌ವಾರ್ಡನ್ 2025ರಿಂದ, ಎರಡನೇ ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವುದು) ಹಾಕಿಕೊಳ್ಳದವರು ಹೊಸ ಸಾಧನದಲ್ಲಿ ತೆರೆಯುವಾಗ ಇಮೇಲ್‌ಗೆ ಕೋಡ್ ಕಳಿಸುತ್ತದೆ, ಹಾಗಾಗಿ ‘ನಾನು ಎರಡನೇ ಹಂತ ಹಾಕಿಲ್ಲ, ನನಗೇನೂ ಆಗದು’ ಎನ್ನುವಂತಿಲ್ಲ. ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಗೂಗಲ್ ಖಾತೆಗೆ ಸಿಂಕ್ ಆಗಿದ್ದರೂ ಅದೇ ಸುತ್ತು: ಆ ಖಾತೆಗೆ ಹೋಗಲು ಪಾಸ್‌ವರ್ಡ್ ವಾಲ್ಟ್‌ನಲ್ಲಿ.

ಡೂಪ್ಲಿಕೇಟ್ ಸಿಮ್ ತಂದರೆ ಎಸ್‌ಎಂಎಸ್ ಒಟಿಪಿ ಬರುತ್ತದಲ್ಲ ಎನ್ನಬಹುದು. ಸಿಮ್ ಬದಲಿಸಿದ ಮೇಲೆ 24 ಗಂಟೆ ಆ ಸಂಖ್ಯೆಗೆ ಎಸ್‌ಎಂಎಸ್ ತಡೆಹಿಡಿಯುವುದು ನಮ್ಮ ದೇಶದ ನಿಯಮ. ಸಿಮ್ ಕದಿಯುವ ವಂಚಕರನ್ನು ತಡೆಯಲು ಇದು ಒಳ್ಳೆಯದೇ, ಆದರೆ ಬ್ಯಾಂಕಿನ ಲಾಗಿನ್‌ಗಳನ್ನು ಬದಲಿಸಬೇಕಾದ ಆ ಒಂದು ದಿನ ಒಟಿಪಿಯ ಭರವಸೆ ಇರುವುದಿಲ್ಲ.

ಇದಕ್ಕೆ ಮದ್ದು ಒಂದು ಹಾಳೆ ಕಾಗದ. ಮಾಸ್ಟರ್ ಪಾಸ್‌ವರ್ಡ್, ವಾಲ್ಟ್‌ಗೆ ಕೊಟ್ಟ ಇಮೇಲ್ ವಿಳಾಸ, ಆ ಇಮೇಲ್‌ನ ಪಾಸ್‌ವರ್ಡ್ ಮತ್ತು ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳು, ಬಿಟ್‌ವಾರ್ಡನ್ ಆದರೆ ಅದರ 32 ಅಕ್ಷರಗಳ ರಿಕವರಿ ಕೋಡ್, ವನ್‌ಪಾಸ್‌ವರ್ಡ್ ಆದರೆ 34 ಅಕ್ಷರಗಳ ಸೀಕ್ರೆಟ್ ಕೀ. ಕೈಯಿಂದ ಬರೆಯುವಾಗ ಸೊನ್ನೆಯೂ ‘ಓ’ ಅಕ್ಷರವೂ ಬೇರೆಯಾಗಿ ಕಾಣಲಿ. ಆಸ್ತಿಪತ್ರಗಳ ಜೊತೆ ಇಡಿ. ಅದರ ಫೋಟೊ ತೆಗೆಯಬೇಡಿ. ತೆಗೆದ ಕ್ಷಣವೇ ಅದು ಫೋನ್‌ನ ಗ್ಯಾಲರಿಗೂ ಕ್ಲೌಡ್‌ಗೂ ಹೋಗುತ್ತದೆ. ‘ಪಾಸ್‌ವರ್ಡ್ ಎಲ್ಲೂ ಬರೆದಿಡಬಾರದು’ ಎಂಬ ಬುದ್ಧಿಮಾತು ಕಚೇರಿಯ ಮಾನಿಟರ್‌ಗೆ ಅಂಟಿಸುವ ಚೀಟಿಗೆ ಸರಿ, ಬೀಗ ಹಾಕಿದ ಬೀರುವಿಗೆ ಅಲ್ಲ.

ಬೆರಳಚ್ಚಿನಿಂದಲೇ ತೆರೆದು ತೆರೆದು ಮಾಸ್ಟರ್ ಪಾಸ್‌ವರ್ಡ್ ಮರೆತವರಿಗೇನೂ ಕಮ್ಮಿ ಇಲ್ಲ. ವಾರಕ್ಕೊಮ್ಮೆಯಾದರೂ ಅದನ್ನು ಒತ್ತಿ ತೆರೆಯಿರಿ. ಹಾಗೆಯೇ ‘ಲಾಕ್’ ಬೇರೆ, ‘ಲಾಗ್‌ಔಟ್’ ಬೇರೆ. ಲಾಕ್ ಆದ ವಾಲ್ಟ್ ನೆಟ್‌ವರ್ಕ್ ಇಲ್ಲದ ಊರಲ್ಲೂ ತೆರೆಯುತ್ತದೆ, ಓದಲು ಅಡ್ಡಿಯಿಲ್ಲ. ಲಾಗ್‌ಔಟ್ ಆದದ್ದಕ್ಕೆ ಇಂಟರ್‌ನೆಟ್ಟೂ ಎರಡನೇ ಹಂತವೂ ಬೇಕು. ಸಮಯ ಮೀರಿದಾಗ ‘ಲಾಕ್’ ಆಗಲಿ ಎಂದೇ ಆರಿಸಿ.

ಆಟೋಫಿಲ್ ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಸಾಮಾನ್ಯ ಕಾರಣ, ಬ್ರೌಸರ್‌ನ ಸ್ವಂತ ಪಾಸ್‌ವರ್ಡ್ ಉಳಿಸುವ ಸೌಲಭ್ಯವನ್ನು ನಿಲ್ಲಿಸದೇ ಬಿಟ್ಟಿರುವುದು. ಎರಡೂ ಪೈಪೋಟಿಗೆ ಬಿದ್ದು, ಹೊಸ ಪಾಸ್‌ವರ್ಡ್ ಒಂದರಲ್ಲಿ, ಹಳೆಯದು ಇನ್ನೊಂದರಲ್ಲಿ ಉಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ಮೆನು ಇರುವುದರಿಂದ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಆಟೋಫಿಲ್’ ಎಂದು ಬರೆದು, ಸಿಕ್ಕ ಪುಟದಲ್ಲಿ ನಿಮ್ಮ ಮ್ಯಾನೇಜರ್ ಅನ್ನು ಆರಿಸುವುದೇ ಸುಲಭ.

ಮ್ಯಾನೇಜರ್ ಬ್ಯಾಂಕಿನ ಪುಟದಲ್ಲಿ ತಾನಾಗಿ ತುಂಬದಿದ್ದರೆ ಕೈಯಿಂದ ನಕಲಿಸಿ ಅಂಟಿಸುವ ಮುಂಚೆ ವಿಳಾಸ ನೋಡಿ. ಉಳಿಸಿದ ವಿಳಾಸಕ್ಕೂ ತೆರೆದ ಪುಟದ ವಿಳಾಸಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಅದು ಸುಮ್ಮನಿರುತ್ತದೆ. ಕೆವೈಸಿ ಹೆಸರಿನ ನಕಲಿ ಕೊಂಡಿಗಳಿಂದ ನಮ್ಮನ್ನು ಕಾಯುವುದೇ ಈ ಗುಣ. ಆದರೆ ಸದ್ಯಕ್ಕೆ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕಿತ್ತು. ಹಳೆಯ ವಿಳಾಸದ ಹೆಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಹೊಸ ಪುಟದಲ್ಲಿ ತುಂಬುವುದಿಲ್ಲ. ಹೊಸ ವಿಳಾಸವನ್ನು ಎಸ್‌ಎಂಎಸ್‌ನ ಕೊಂಡಿಯಿಂದ ತೆಗೆದುಕೊಳ್ಳದೆ, ಶಾಖೆಯ ಫಲಕ ನೋಡಿ ಕೈಯಾರೆ ಒತ್ತಿ ತೆರೆದು, ಅದೇ ನಮೂದಿಗೆ ಎರಡನೇ ವಿಳಾಸವಾಗಿ ಸೇರಿಸಿ.

ಹಳೆಯ ಮ್ಯಾನೇಜರ್‌ನಿಂದ ಹೊಸದಕ್ಕೆ ಹೋಗುವಾಗ ಸಿಗುವ ಸಿಎಸ್‌ವಿ ಫೈಲ್‌ನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬಯಲಾಗಿಯೇ ಇರುತ್ತವೆ. ಅದನ್ನು ಕಂಪ್ಯೂಟರ್‌ನಲ್ಲೇ ತೆಗೆಯಿರಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳಬೇಡಿ, ಕೆಲಸ ಮುಗಿದ ಮೇಲೆ ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಎಕ್ಸೆಲ್‌ನಲ್ಲಿ ತೆರೆದು ‘ಸೇವ್’ ಒತ್ತಿದರೆ ಇನ್ನೊಂದು ಅನಾಹುತ: 004512 ಎಂಬುದು 4512 ಆಗುತ್ತದೆ, ಹದಿನಾರು ಅಂಕಿಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಕನ್ನಡದಲ್ಲಿ ಬರೆದ ಟಿಪ್ಪಣಿ ಚಿತ್ರವಿಚಿತ್ರ ಚಿಹ್ನೆಗಳಾಗಬಹುದು. ನೋಡಲೇಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ನೋಡಿ. ಯುಪಿಐ ಪಿನ್, ಎಟಿಎಂ ಪಿನ್‌ಗಳನ್ನು ಯಾವ ಮ್ಯಾನೇಜರ್‌ಗೂ ಹಾಕಬೇಡಿ.

ಗಂಡ ಹೆಂಡತಿ ಇಬ್ಬರೂ ಬಳಸುವ ವಿದ್ಯುತ್ ಬಿಲ್, ಗ್ಯಾಸ್, ಶಾಲೆಯ ಶುಲ್ಕದಂಥ ಲಾಗಿನ್‌ಗಳಿಗೆ ಬಿಟ್‌ವಾರ್ಡನ್‌ನಲ್ಲಿ ಇಬ್ಬರ ಉಚಿತ ಹಂಚಿಕೆ ಇದೆ. ಮನೆಯ ಹಿರಿಯರಿಗೆ ಏನಾದರೂ ಆದರೆ ವಾಲ್ಟ್ ಯಾರು ತೆರೆಯಬೇಕು ಎಂಬುದಕ್ಕೆ ‘ಎಮರ್ಜೆನ್ಸಿ ಆ್ಯಕ್ಸೆಸ್’ ಇದ್ದು, ಅದನ್ನು ಕೊಡುವವರು ಹಣ ಕಟ್ಟಿದ ಖಾತೆಯವರಾಗಿರಬೇಕು. ಪಡೆಯುವವರದು ಉಚಿತ ಖಾತೆಯಾದರೂ ನಡೆಯುತ್ತದೆ. ಅವರು ಕೋರಿಕೆ ಸಲ್ಲಿಸಿದ ಮೇಲೆ ಕಾಯುವ ಅವಧಿಯನ್ನು ಒಂದು ದಿನದಿಂದ 90 ದಿನಗಳವರೆಗೆ ಇಡಬಹುದು; ಅಷ್ಟರೊಳಗೆ ಮಾಲೀಕರು ಬೇಡ ಎಂದರೆ ಕೋರಿಕೆ ಬಿದ್ದುಹೋಗುತ್ತದೆ. ಏಳು ದಿನ ಹಿತ. ಇದಕ್ಕೆ ಮೂರು ಹಂತ: ತಂದೆ ಆಹ್ವಾನ ಕಳಿಸಬೇಕು, ಮಗಳು ಒಪ್ಪಬೇಕು, ಆಮೇಲೆ ತಂದೆ ಮತ್ತೆ ತಮ್ಮ ಖಾತೆಗೆ ಹೋಗಿ ಅದನ್ನು ಖಚಿತಪಡಿಸಬೇಕು. ಎರಡನೆಯದಕ್ಕೇ ಕೆಲಸ ಮುಗಿಯಿತೆಂದು ಬಿಡಬೇಡಿ. ಮೂರನೆಯದು ಆಗದ ಹೊರತು ಮಗಳು ಕೋರಿಕೆಯನ್ನೇ ಸಲ್ಲಿಸುವಂತಿಲ್ಲ.

ಇಂತಿ,
ಒಬ್ಬ ಓದುಗ, ದಾವಣಗೆರೆ