ಮಗಳಿಗೊಂದು ಪತ್ರ: ದುರ್ಗದ ಕಾದಂಬರಿಗೆ ಕೂರುವ ಮುನ್ನ

ಪುಟ್ಟೀ,

ಮೊದಲ ಅಧ್ಯಾಯ ಓದಿದೆ. ಪಾಳೆಯಗಾರರ ಚಿತ್ರದುರ್ಗವನ್ನೇ ಆರಿಸಿಕೊಂಡಿದ್ದೀಯ ಅಂದಮೇಲೆ ತ.ರಾ.ಸು. ಅವರನ್ನು ಮತ್ತೊಮ್ಮೆ ಓದು, ಈ ಸಲ ಪೆನ್ಸಿಲ್ ಹಿಡಿದುಕೊಂಡು. 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಚಳವಳಿಗೆ ಇಳಿದರು, ಪತ್ರಿಕೆಗಳಲ್ಲಿ ದುಡಿದರು, ಆಮೇಲೆ ಬರವಣಿಗೆಯನ್ನೇ ನಂಬಿ ಬದುಕಿದರು. ಸಿನಿಮಾ ಬಂದದ್ದರಿಂದ ‘ನಾಗರಹಾವು’ ಎಲ್ಲರಿಗೂ ಗೊತ್ತು. ನಿನಗೆ ಬೇಕಾದದ್ದು ಅವರ ದುರ್ಗದ ಕಾದಂಬರಿಗಳು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ದಳವಾಯಿ ಮುದ್ದಣ್ಣನ ಕಾಲದವು. ಕೊನೆಯ ಮದಕರಿ ನಾಯಕನ ಕಥೆಗೆ, ‘ದುರ್ಗಾಸ್ತಮಾನ’ಕ್ಕೆ, ಅವರು ಬಂದದ್ದು ಬದುಕಿನ ಕೊನೆಗೆ. 1982ರಲ್ಲಿ ಅದು ಅಚ್ಚಾಯಿತು, 1984ರಲ್ಲಿ ಅವರು ತೀರಿಕೊಂಡರು, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು ಓದುವವರಿಗೆ ಮೊದಲೇ ಗೊತ್ತು. ತ.ರಾ.ಸು. ಅವರಂತೂ ಪುಸ್ತಕದ ಹೆಸರಲ್ಲೇ ಹೇಳಿಬಿಟ್ಟರು. ಮುಂದೇನಾಯಿತು ಅನ್ನುವ ಕುತೂಹಲ ನಿನ್ನ ಕೈಯಲ್ಲೂ ಇಲ್ಲ. ಆ ದಿನ ಕೋಟೆಯೊಳಗಿದ್ದವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಅದೇ ನಿನ್ನ ಬಂಡವಾಳ. ಹಾಗಾಗಿ ಬರೆಯುವ ಮೊದಲು ದಿನಗಳ ಪಟ್ಟಿ ಮಾಡು: ಯಾವ ದಿನ, ಯಾರು, ಎಲ್ಲಿ.

ಇಲ್ಲೇ ನೀನು ಎಡವಿರುವುದು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಸರಿ. ಆದರೆ ಜನವರಿ ಹುಟ್ಟಿದ ಮೇಲೆ ಯುಗಾದಿಯವರೆಗೆ 79 ಕೂಡಿಸಬೇಕು. ಶಕ 1701 ವಿಕಾರಿ ಸಂವತ್ಸರ. ‘ವಿಕಾರಿಯ ಮಾಘ’ ಎಂದು ಬರೆದು ಮದಕರಿಯನ್ನು ಇನ್ನೂ ಗದ್ದುಗೆಯಲ್ಲಿ ಕೂರಿಸಿದ್ದೀಯ. ಆ ಮಾಘ ಬಂದದ್ದು 1780ರಲ್ಲಿ; ಅಷ್ಟರಲ್ಲಿ ಕೋಟೆ ಹೈದರನ ವಶ. ನಿನಗೆ ಬೇಕಾದದ್ದು ವಿಳಂಬಿಯ ಮಾಘ, ಶಕ 1700. ಇನ್ನೊಂದು ಮಾತು: ಬರಿಯ ಸಂವತ್ಸರದ ಹೆಸರನ್ನು ನಂಬಬೇಡ, 60 ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಶಾಸನದಲ್ಲಿ ಶಕವರ್ಷವೂ ಇದ್ದರೆ ಎರಡನ್ನೂ ತಾಳೆ ನೋಡು.

ಕಾವಲುಗಾರ ‘ಹತ್ತು ನಿಮಿಷ’ ಕಾಯುವಂತಿಲ್ಲ. ಅವನ ಲೆಕ್ಕ ಗಳಿಗೆ, ಜಾವ. ಗಳಿಗೆಯೆಂದರೆ 24 ನಿಮಿಷ, ಜಾವವೆಂದರೆ ಏಳೂವರೆ ಗಳಿಗೆ. ‘ಅರ್ಧ ಗಳಿಗೆ’ ಅಂದರೆ ಸಾಕು. ದೀಪ ಹಚ್ಚಲು ಬೆಂಕಿಕಡ್ಡಿಯೂ ಬೇಡ. ಗೀರಿ ಹಚ್ಚುವ ಕಡ್ಡಿ ಇಂಗ್ಲೆಂಡಿನಲ್ಲೇ ಹುಟ್ಟಿದ್ದು 1826ರ ಸುಮಾರಿಗೆ. ಚಕಮಕಿ ಕಲ್ಲು ಉಜ್ಜಲಿ, ಇಲ್ಲವೇ ಒಲೆಯ ಕೆಂಡ ಊದಲಿ. ಸಾರಿಗೆ ಮೆಣಸಿನಕಾಯಿ ಇರಲಿ, ಪೋರ್ಚುಗೀಸರ ಕಾಲಕ್ಕೇ ನಮ್ಮ ಕಡೆ ಬಂದಿತ್ತು. ಹುಳಿಗೆ ಟೊಮೆಟೊ ತೆಗೆದು ಹುಣಸೆಹಣ್ಣು ಹಾಕು.

ಇಂಥದ್ದು ಒಂದು ಕಣ್ಣಿಗೆ ಬಿದ್ದರೂ ಸಾಕು, ದುರ್ಗ ಬಲ್ಲ ಓದುಗ ನಿನ್ನ ಮದಕರಿಯ ದುಃಖವನ್ನೂ ನಂಬುವುದಿಲ್ಲ. ಅದು ನನಗೆ ಸಂಕಟ, ಏಕೆಂದರೆ ಆ ದುಃಖವನ್ನು ನೀನು ತುಂಬ ಚೆನ್ನಾಗಿ ಬರೆದಿದ್ದೀಯ.

ಬೇಸಿಗೆಯಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಏಳು ಸುತ್ತಿನ ಕೋಟೆ ಹತ್ತಿ ಬಾ. ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡದ ಕಡೆಗೆ ನೀರು ಇಳಿಯುವ ದಾರಿ ಹಿಡಿದು ನಡೆ. ಮುತ್ತಿಗೆ ಬರೆಯುವವಳಿಗೆ ನೀರಿನ ಜಾಡು ಕಾಲಿಗೆ ಗೊತ್ತಿರಬೇಕು. ವಿಕಾರಿಯ ಆ ಪುಟ ಮೊದಲು ತಿದ್ದಿ ಕಳಿಸು.

ನಿನ್ನ
ಅಮ್ಮ