ಸಿಟ್ಟು, ಸ್ವಭಾವ ಮತ್ತು ನಮ್ಮ ಕೆಲಸದ ಜಾಗ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಕಳೆದ ವಾರ ಶಿವಮೊಗ್ಗದ ನಮ್ಮ ಅಡಿಕೆ ಮಂಡಿಯಲ್ಲಿ ತೂಕದ ವಿಚಾರಕ್ಕೆ ಹಿರಿಯರೊಬ್ಬರು ಹೊಸ ಹುಡುಗನನ್ನು ಎಲ್ಲರೆದುರು ಬೈದದ್ದು, ಅವನು ಮರುದಿನ ಕೆಲಸಕ್ಕೆ ಬಾರದೇ ಹೋದದ್ದು ತಮಗೆ ತಿಳಿದಿದೆ. "ಅವರ ಸ್ವಭಾವವೇ ಹಾಗೆ" ಎಂದು ನಾವೆಲ್ಲ ಸುಮ್ಮನಾದೆವು. ಆ ಮಾತು ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ.

ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಅವುಗಳಲ್ಲಿ ಬೇಗ ಕಳವಳಗೊಳ್ಳುವ ಗುಣ ಹೆಚ್ಚಾಗಿದ್ದು, ಹೊಂದಿಕೊಳ್ಳುವ ಗುಣವೂ ಶಿಸ್ತೂ ಕಡಿಮೆ ಇರುವವರಲ್ಲಿ ಕೆಲಸದ ಜಾಗದ ಆಕ್ರಮಣಶೀಲತೆ ಹೆಚ್ಚಾಗಿ ಕಾಣುತ್ತದೆ. ಕೂಗಾಟವಷ್ಟೇ ಅಲ್ಲ, ಬೆನ್ನ ಹಿಂದೆ ಆಡಿಕೊಳ್ಳುವುದು, ಬೇಕೆಂದೇ ಮಾಹಿತಿ ತಿಳಿಸದಿರುವುದು, ಊಟಕ್ಕೆ ಕರೆಯದೆ ದೂರವಿಡುವುದೂ ಅದರಲ್ಲೇ ಸೇರುತ್ತವೆ. ಸ್ವಭಾವ ಬೇಗ ಬದಲಾಗದು. ಆದರೆ 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ವಿವರಿಸಿದ ಭಾವನಾತ್ಮಕ ಬುದ್ಧಿಮತ್ತೆಯನ್ನು, ಅಂದರೆ ತನ್ನ ಮತ್ತು ಪರರ ಭಾವನೆಯನ್ನು ಗುರುತಿಸಿ, ಅರಿತು, ನಿಭಾಯಿಸುವ ಶಕ್ತಿಯನ್ನು, ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು. ಸಿಟ್ಟನ್ನು ನುಂಗಿಕೊಳ್ಳುವುದಕ್ಕಿಂತ, ನಡೆದದ್ದನ್ನು ಬೇರೆ ಬಗೆಯಲ್ಲಿ ನೋಡುವುದು ಹೆಚ್ಚು ಫಲಕಾರಿ: ತೂಕ ತಪ್ಪಿದವನು ಉಡಾಫೆಯವನಲ್ಲ, ಇನ್ನೂ ಕಲಿಯುತ್ತಿರುವವನು ಎಂದು ಒಂದು ಕ್ಷಣ ಎಣಿಸಿದ್ದರೆ ಅಂದು ಆ ಮಾತುಗಳು ಹೊರಬರುತ್ತಿರಲಿಲ್ಲ. ಆದರೆ ಭಾವನೆಗಳನ್ನು ಅರಿತು ನಿಭಾಯಿಸುವ ಇದೇ ಕೌಶಲ ಸ್ವಾರ್ಥಿಯ ಕೈಯಲ್ಲಿ ಇತರರನ್ನು ಆಡಿಸುವ ಸಾಧನವೂ ಆಗಬಲ್ಲದು; ಹಾಗಾಗಿ ನಯವಾದ ಮಾತೆಲ್ಲವನ್ನೂ ಸೌಜನ್ಯವೆಂದು ನಾನು ಒಪ್ಪಲಾರೆ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮಂಡಿಯ ಮಹಡಿಯಲ್ಲಿ ಎಲ್ಲರೂ ಸೇರಿ ಮಾತನಾಡೋಣ. ಹುಡುಗನನ್ನು ಕರೆತರುವ ಹೊಣೆ ನನ್ನದು. ಅಲ್ಲಿಯವರೆಗೆ ದಯವಿಟ್ಟು ಈ ಗುಂಪಿನಲ್ಲಿ ಯಾರ ಹೆಸರನ್ನೂ ಎತ್ತಬೇಡಿ.